ಮೂರು ಊರು, ಐದು ಜನ, ಒಂದು ಹಲಗೆ

ನನ್ನ ಆಯುಷ್ಯದ ದೊಡ್ಡ ಪಾಲು ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವುದರಲ್ಲಿಯೇ ಸವೆದಿದೆ. ಯಾವ ಪುಸ್ತಕ ಯಾವ ಕಪಾಟಿನ ಎಷ್ಟನೆಯ ಅಂಕಣದಲ್ಲಿದೆ ಎಂದು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಈ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಯಾವ ಕೆಲಸ ಯಾರ ಕೈಯಲ್ಲಿದೆ, ಎಲ್ಲಿಗೆ ಬಂದು ನಿಂತಿದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳಬೇಕಾಗುತ್ತಿತ್ತು. ಪುಸ್ತಕಕ್ಕೆ ಬೆನ್ನಿದೆ, ಚೀಟಿ ಅಂಟಿಸಬಹುದು. ಕೆಲಸಕ್ಕೆ ಬೆನ್ನೆಲ್ಲಿದೆ?

ಕಾಲೇಜಿನಿಂದ ನಿವೃತ್ತನಾದ ಮೇಲೆ ಮಿತ್ರರ ಒತ್ತಾಯಕ್ಕೆ ಒಂದು ಸಣ್ಣ ಟ್ರಸ್ಟಿನ ಗ್ರಂಥಾಲಯ ನೋಡಿಕೊಳ್ಳಲು ಒಪ್ಪಿದೆ. ಬೀದರದ ಹಳೆಯ ಊರಿನಲ್ಲಿ ಮುಖ್ಯ ಕೋಣೆ. ಭಾಲ್ಕಿಯಲ್ಲಿ ಒಂದು, ಔರಾದದಲ್ಲಿ ಒಂದು ಶಾಖೆ. ಕೆಲಸ ಮಾಡುವವರು ನನ್ನನ್ನು ಹಿಡಿದು ಐದು ಜನ. ಭಾಲ್ಕಿಯನ್ನು ಒಬ್ಬ ನಿವೃತ್ತ ಮಾಸ್ತರರು ನೋಡಿಕೊಳ್ಳುತ್ತಾರೆ. ಔರಾದವನ್ನು ನೋಡಿಕೊಳ್ಳುವ ಹೆಣ್ಣುಮಗಳು ನನಗಿಂತ ಹದಿನೈದು ವರ್ಷ ಚಿಕ್ಕವಳು, ಆದರೂ ಊರಿಗೆಲ್ಲ ಅಕ್ಕ, ಹಾಗಾಗಿ ನನಗೂ ಅಕ್ಕ. ಬೀದರದಲ್ಲಿ ನನ್ನ ಜೊತೆ ಉರ್ದು, ಫಾರಸಿ ಓದಬಲ್ಲ ಒಬ್ಬ ಆಪಾ ಮತ್ತು ಕಂಪ್ಯೂಟರ್ ಕಲಿತ ಒಬ್ಬ ಹುಡುಗ. ಭಾಲ್ಕಿಗೆ ಬಸ್ಸೂ ಉಂಟು, ರೈಲೂ ಉಂಟು. ಔರಾದಕ್ಕೆ ಬಸ್ಸೇ ಗತಿ. ರಾಜ್ಯದ ನಕಾಶೆಯಲ್ಲಿ ಎಲ್ಲಕ್ಕಿಂತ ಮೇಲಿರುವ ತಾಲ್ಲೂಕು ಅದು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಔರಾದ ಶಹಾಜನಿ ಎಂಬ ಇನ್ನೊಂದು ಊರಿದೆ. ನಮ್ಮ ಪುಸ್ತಕದ ಪಾರ್ಸಲ್ಲೊಂದು ಒಮ್ಮೆ ಅಲ್ಲಿಗೆ ಹೋಗಿ ವಾರವಿದ್ದು ಬಂದಿತ್ತು.

ನಮ್ಮ ಕೋಣೆಯ ಕಿಟಕಿಯಿಂದ ಕತ್ತು ಚಾಚಿದರೆ ಮಹಮೂದ್ ಗಾವಾನನ ಮದರಸಾದ ಉಳಿದಿರುವ ಒಂದು ಮಿನಾರು ಕಾಣುತ್ತದೆ. 1472ರಲ್ಲಿ ಕಟ್ಟಿ ಮುಗಿಸಿದ ಆ ವಿದ್ಯಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಮದ್ದಿನ ಪುಡಿ ಸಿಡಿದು ಕಟ್ಟಡದ ಒಂದು ಮಗ್ಗುಲು ಹಾರಿಹೋಯಿತು. ಪುಸ್ತಕಗಳ ಮನೆಯಲ್ಲಿ ಮದ್ದು ಇಡುವ ಕೆಲಸ ಯಾರಿಗೆ ಒಪ್ಪಿಸಿದ್ದರೋ, ತೆಗೆಯುವ ಕೆಲಸ ಯಾರಿಗೂ ಒಪ್ಪಿಸಿರಲಿಲ್ಲವೆಂದು ಕಾಣುತ್ತದೆ. ಆ ಮಿನಾರು ನೋಡುತ್ತ ನಾನು ಇಂಥ ಉಪದೇಶದ ಮಾತು ಎಷ್ಟೋ ಸಲ ಆಡಿದ್ದೇನೆ. ಅದು ನನಗೇ ಆಡಿದ ಮಾತು ಎಂದು 2024ರ ತನಕ ತಿಳಿಯಲಿಲ್ಲ.

ಮೊದಲು ನಮ್ಮ ಕಾರಭಾರವೆಲ್ಲ ವಾಟ್ಸಾಪ್ ಗುಂಪಿನಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ನಾನು "ಬೈಂಡಿಂಗಿಗೆ ಕೊಟ್ಟ ಪುಸ್ತಕ ತರಬೇಕು" ಎಂದು ಬರೆದರೆ ಸಂಜೆಯೊಳಗೆ ನಾಲ್ಕು ಹೆಬ್ಬೆರಳಿನ ಚಿತ್ರಗಳು ಬಂದು ಬೀಳುತ್ತಿದ್ದವು. ಒಂದು ಕಾಲಕ್ಕೆ ಹೆಬ್ಬೆಟ್ಟು ಒತ್ತುವವರು ಅಕ್ಷರ ಕಲಿಯಲೆಂದು ಗ್ರಂಥಾಲಯ ತೆರೆದೆವು; ಈಗ ಗ್ರಂಥಾಲಯದವರೇ ಹೆಬ್ಬೆಟ್ಟು ಒತ್ತುತ್ತಿದ್ದೇವೆ. ಆ ಹೆಬ್ಬೆಟ್ಟಿಗೆ ಅರ್ಥವೇನು? ಓದಿದೆ ಎಂದೋ, ಒಪ್ಪಿದೆ ಎಂದೋ, ನಾನೇ ತರುತ್ತೇನೆ ಎಂದೋ? ನಾಲ್ವರೂ ಬೇರೆಯವರು ತರುತ್ತಾರೆಂದು ತಿಳಿದರು. ಮರುದಿನ ಯಾರದೋ ಮಗಳ ಮದುವೆಯ ಆಮಂತ್ರಣ ಬಂತು, ಅದರ ಕೆಳಗೆ ನಮ್ಮ ಬೈಂಡಿಂಗ್ ಪುಸ್ತಕಗಳು ಹೂತುಹೋದವು. ಆ ವರ್ಷ ಫೆಬ್ರುವರಿಯಲ್ಲಿ ಒಂದೇ ಪಟ್ಟಿಯ ಪುಸ್ತಕಗಳನ್ನು ಭಾಲ್ಕಿಯವರೂ ತರಿಸಿದರು, ನಾವೂ ತರಿಸಿದೆವು. ಟ್ರಸ್ಟಿನ ಹಣ ಆರು ಸಾವಿರ ರೂಪಾಯಿ ದಂಡವಾಯಿತು. ಖಜಾಂಚಿಯವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಲೆಕ್ಕದ ವಹಿಯನ್ನು ನನ್ನ ಮುಂದೆ ತೆರೆದಿಟ್ಟು ಚಹಾ ಕುಡಿಯಲು ಹೋದರು.

ಆಗ ಹುಡುಗ ಹೇಳಿದ: "ಸರ್, ಇದಕ್ಕಂತಲೇ ಸಾಫ್ಟ್‌ವೇರ್ ಅವ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂತಾರ."

ಮಾಸ್ತರರಿಗೆ ಅರ್ಥವಾಗಲಿಲ್ಲ. "ನಮ್ಮಲ್ಲಿ ಪುಸ್ತಕದ ಸಾಫ್ಟ್‌ವೇರ್ ಅದ ಅಲ್ಲೇನ್ರಿ ಮತ್ತ?" ಎಂದರು. ಈ ಗೊಂದಲ ಅವರೊಬ್ಬರದಲ್ಲ, ಗ್ರಂಥಾಲಯದ ಎಷ್ಟೋ ಜನರಲ್ಲಿ ನೋಡಿದ್ದೇನೆ. ಭಾರತ ಸರಕಾರದ ಎನ್‌ಐಸಿ ಮಾಡಿದ ಇ-ಗ್ರಂಥಾಲಯವಾಗಲಿ, ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ಸಂಸ್ಥೆಗಾಗಿ 1999ರಲ್ಲಿ ಹುಟ್ಟಿ ಈಗ ಜಗತ್ತೆಲ್ಲ ಬಿಟ್ಟಿಯಾಗಿ ಬಳಸುವ ಕೊಹಾ ಆಗಲಿ, ಪುಸ್ತಕದ ಲೆಕ್ಕ ಇಡುತ್ತವೆ. ಕೊಹಾ ಎಂದರೆ ಅಲ್ಲಿಯ ಮಾವೊರಿ ಭಾಷೆಯಲ್ಲಿ ಕಾಣಿಕೆ ಎಂದು ಅರ್ಥ. ಈ ಮಾತು ನನಗೆ ಬಹಳ ಹಿಡಿಸಿದೆ. ಆದರೆ ಪುಸ್ತಕ ಯಾರು ಒಯ್ದರು ಎಂಬುದನ್ನು ಅವು ಬಲ್ಲವೇ ಹೊರತು, ಆ ಪುಸ್ತಕವನ್ನು ಔರಾದದಿಂದ ಬೀದರಕ್ಕೆ ತರುವವರು ಯಾರು, ಧೂಳು ಒರೆಸುವವರು ಯಾರು ಎಂಬುದು ಅವಕ್ಕೆ ಸಂಬಂಧಿಸಿದ್ದಲ್ಲ.

ಹೀಗೆ ಶುರುವಾಯಿತು ನೋಡಿ ನನ್ನ ಸಂಶೋಧನೆ. ಗ್ರಂಥಪಾಲಕನ ಕೈಗೆ ಒಂದು ವಿಷಯ ಸಿಕ್ಕರೆ ಅದನ್ನು ವರ್ಗೀಕರಿಸದೆ ಬಿಡುವುದಿಲ್ಲ. ರಂಗನಾಥನ್ ಅವರ ಕೋಲನ್ ವರ್ಗೀಕರಣ ಓದಿ ಬೆಳೆದವನು ನಾನು. ಒಂದು ದೊಡ್ಡ ಹಾಳೆ ತೆಗೆದುಕೊಂಡು ಅಡ್ಡಕ್ಕೆ ಹನ್ನೊಂದು ಸಾಫ್ಟ್‌ವೇರ್‌ಗಳ ಹೆಸರು, ಉದ್ದಕ್ಕೆ ಇಪ್ಪತ್ತಮೂರು ಗುಣಗಳನ್ನು ಬರೆದೆ. ಬಿಟ್ಟಿಯೋ, ತಲೆಗಿಷ್ಟೆಂದು ತಿಂಗಳ ಬಾಡಿಗೆಯೋ? ಕನ್ನಡ ಬರೆಯಲು ಬರುತ್ತದೆಯೋ? ಫೋನಿನಲ್ಲಿ ನಡೆಯುತ್ತದೆಯೋ? ನಾಳೆ ಕಂಪನಿ ಬಾಗಿಲು ಹಾಕಿದರೆ ನಮ್ಮ ಪಟ್ಟಿಯನ್ನು ಹೊರಗೆ ತೆಗೆದುಕೊಳ್ಳಬಹುದೋ? ಪ್ರಶ್ನೆಗಳು ಒಳ್ಳೆಯವೇ, ಈಗಲೂ ಯಾರಾದರೂ ಕೇಳಿದರೆ ಇವನ್ನೇ ಹೇಳುತ್ತೇನೆ. ಆದರೆ ಹಾಳೆ ತುಂಬುವುದರಲ್ಲಿಯೇ ಒಂದು ರುಚಿ ಹತ್ತಿಬಿಟ್ಟಿತು. ಮಾರ್ಚಿ ಕಳೆಯಿತು, ಏಪ್ರಿಲ್ ಬಂತು.

ಹೆಸರುಗಳಲ್ಲೇ ಏನು ಮೋಜು! ಆಸನ ಎಂದೊಂದು, ಫೇಸ್‌ಬುಕ್ ಸ್ಥಾಪಕರಲ್ಲೊಬ್ಬರಾದ ಡಸ್ಟಿನ್ ಮೊಸ್ಕೊವಿಟ್ಜ್ ಮತ್ತು ಅವರ ಗೆಳೆಯರು ಕಟ್ಟಿದ್ದು, ನಮ್ಮ ಯೋಗಾಸನದ ಆಸನವೇ. ಜಿರಾ ಎಂದೊಂದು. ಆಪಾಗೆ ಹೇಳಿದೆ. "ಜೀರಾ? ಖಾನೇ ಕಾ?" ಎಂದು ಕೇಳಿ, ಅಂಥದ್ದಲ್ಲವೆಂದಾಗ ಅವರಿಗೆ ನಿರಾಶೆಯೇ ಆಯಿತು. ಅದು ಜೀರಿಗೆಯಲ್ಲ, ಸಿನಿಮಾದ ಗಾಡ್ಜಿಲಾ ಎಂಬ ದೈತ್ಯಪ್ರಾಣಿಗೆ ಜಪಾನೀಯರು ಹೇಳುವ ಗೊಜಿರಾ ಎಂಬ ಹೆಸರಿನ ಬಾಲ. ಕಂಪ್ಯೂಟರ್ ಪ್ರೋಗ್ರಾಮಿನ ತಪ್ಪುಗಳನ್ನು ಬೆನ್ನಟ್ಟುವವರಿಗಾಗಿ ಮಾಡಿದ್ದು. ಐದು ಜನರ ಗ್ರಂಥಾಲಯಕ್ಕೆ ಅದನ್ನು ತರುವುದು ಇಲಿ ಹಿಡಿಯಲು ಆನೆ ಕಟ್ಟಿದಂತೆ. ರೆಡ್‌ಮೈನ್ ಎಂಬುದು 2006ರಿಂದಲೂ ಬಿಟ್ಟಿ, ಮೂಲಸಂಕೇತವೂ ಬಯಲು. ನನ್ನ ಮನಸ್ಸು ಅದರ ಕಡೆಗೇ ಇತ್ತು. ಆದರೆ ಅದನ್ನು ಇಡಲು ನಮ್ಮದೇ ಸರ್ವರ್ ಬೇಕು, ಸರ್ವರ್ ಕೆಟ್ಟರೆ ನೋಡಲು ಒಬ್ಬ ಬೇಕು, ಆ ಒಬ್ಬನೆಂದರೆ ನಮ್ಮ ಹುಡುಗನೇ. ಅವನಿಗೆ ಹುಬ್ಬಳ್ಳಿಯಲ್ಲಿ ನೌಕರಿ ಸಿಕ್ಕರೆ?

ಇವುಗಳಲ್ಲಿ ನನ್ನನ್ನು ಮರುಳು ಮಾಡಿದ್ದು ಗ್ಯಾಂಟ್ ನಕ್ಷೆ. 1910ರ ದಶಕದಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಎಂಬ ಇಂಜಿನಿಯರರು ಬಳಕೆಗೆ ತಂದದ್ದು. ಅವರಿಗೂ ಮೊದಲೇ 1896ರಲ್ಲಿ ಪೋಲೆಂಡಿನ ಕರೋಲ್ ಅದಮಿಯೆಟ್ಸ್ಕಿ ಇಂಥದ್ದನ್ನೇ ಮಾಡಿದ್ದರಂತೆ, ಹೆಸರು ಮಾತ್ರ ಗ್ಯಾಂಟರದಾಯಿತು. ಒಂದೊಂದು ಕೆಲಸಕ್ಕೆ ಒಂದೊಂದು ಪಟ್ಟಿ, ಪಟ್ಟಿಯ ಉದ್ದವೇ ದಿನಗಳು. ಈ ಕೆಲಸ ಮುಗಿಯದೆ ಆ ಕೆಲಸ ಹಿಡಿಯುವಂತಿಲ್ಲ ಎಂದು ತೋರಿಸುವ ಬಾಣಗಳು. ಎಂಥ ಚೆಂದ! ನೂರು ಜನ ಸೇರಿ ಸೇತುವೆ ಕಟ್ಟುವಲ್ಲಿ ಅದಿಲ್ಲದೆ ನಡೆಯದು. ನನಗೆ ಕಟ್ಟಲು ಸೇತುವೆ ಇರಲಿಲ್ಲ, ನಕ್ಷೆ ಮಾತ್ರ ಬೇಕಿತ್ತು.

ಅಷ್ಟರಲ್ಲಿ ಏಪ್ರಿಲ್ ಕೊನೆಗೆ ಔರಾದ ತಾಲ್ಲೂಕಿನ ಒಂದು ಹಳ್ಳಿಯಿಂದ ಹೇಳಿಕಳಿಸಿದರು. ಅಲ್ಲಿಯ ನಿವೃತ್ತ ಹೆಡ್‌ಮಾಸ್ತರರು ತೀರಿಕೊಂಡು ವರ್ಷವಾಗಿತ್ತು. ಹನ್ನೊಂದು ತಗಡಿನ ಟ್ರಂಕು ಪುಸ್ತಕ. ಕನ್ನಡ, ಮರಾಠಿ, ಉರ್ದು ಮೂರೂ. 1948ಕ್ಕೆ ಮೊದಲು ನಿಜಾಮನ ಆಳ್ವಿಕೆಯಲ್ಲಿ ಉರ್ದುವಿನಲ್ಲಿ ಓದಿ, ಆಮೇಲೆ ಕನ್ನಡ ಕಲಿಸಿದ ತಲೆಮಾರಿನವರ ಮನೆಯಲ್ಲಿ ಹೀಗೆ ಮೂರು ಭಾಷೆ ಕೂಡಿ ಬಾಳುವುದು ನಮ್ಮ ಕಡೆ ಸಹಜ. ಪುಸ್ತಕಗಳಿಗಿಂತ ಹೆಚ್ಚಿನದು ಹದಿನೇಳು ವಹಿಗಳು. ಆ ಹಿರಿಯರು ಮೂವತ್ತು ವರ್ಷ ಆ ಗಡಿಯ ಹಳ್ಳಿಗಳಲ್ಲಿ ಕೇಳಿದ ಮಾತುಗಳನ್ನು ಶಾಯಿ ಪೆನ್ನಿನಲ್ಲಿ ಬರೆದಿಟ್ಟಿದ್ದರು: ಒಕ್ಕಲುತನದ ಶಬ್ದ, ಗಾದೆ, ಬೀಸುವಾಗಿನ ಹಾಡು. ಎಲ್ಲಿ ಕೇಳಿದ್ದು, ಯಾರ ಬಾಯಲ್ಲಿ ಕೇಳಿದ್ದು ಎಂಬುದೂ ಪಕ್ಕದಲ್ಲಿ ಇತ್ತು. ನಾನು ಹೋಗಿ ನೋಡಿ, ನಾಲ್ಕು ಹಾಳೆ ತಿರುವಿ, ಮೈ ಜುಮ್ಮೆನಿಸಿಕೊಂಡು ಬಂದೆ. ಮಗ ಹೇಳಿದ್ದು ಇಷ್ಟೇ: "ಮಿರಗ ಕೂಡೂದ್ರಾಗ ಒಯ್ರಿ ಸರ್. ಮನಿ ಮ್ಯಾಲಿನ ತಗಡ ತೆಗೆದು ಸ್ಲ್ಯಾಬ್ ಹಾಕಸೋದದ." ಮಿರಗ ಎಂದರೆ ಮೃಗಶಿರ ಮಳೆ, ಜೂನ್ ಏಳೆಂಟಕ್ಕೆ ಕೂಡುತ್ತದೆ. "5ನೇ ತಾರೀಖಿನೊಳಗ ನಮ್ಮವರು ಬರ್ತಾರ" ಎಂದು ಮಾತು ಕೊಟ್ಟೆ.

ಮಾತು ಕೊಟ್ಟು ಬಂದವನು ಮಾಡಿದ್ದೇನು? ಪರೀಕ್ಷೆಗೆಂದು ಇಳಿಸಿಕೊಂಡಿದ್ದ ಸಾಫ್ಟ್‌ವೇರ್‌ಗೆ ಒಂದು ನಿಜವಾದ ಕೆಲಸ ಸಿಕ್ಕಿತೆಂದು ಹಿಗ್ಗಿದೆ. ಟ್ರಂಕು ಸಾಗಣೆ, ಧೂಳು ತೆಗೆಯುವುದು, ಹುಳು ನೋಡುವುದು, ಭಾಷೆವಾರು ವಿಂಗಡಣೆ, ಸೂಚಿ ತಯಾರಿ ಎಂದು ಹತ್ತೊಂಬತ್ತು ಪಟ್ಟಿಗಳ ಗ್ಯಾಂಟ್ ನಕ್ಷೆ ಎಳೆದೆ. ಮೊದಲ ಪಟ್ಟಿ ಟ್ರಂಕು ಸಾಗಣೆ. ಹೊಣೆ ಔರಾದದ ಅಕ್ಕ. ಗಡುವು ಜೂನ್ 5. ಅಕ್ಕನಿಗೆ ಇ-ಮೇಲ್ ಇರಲಿಲ್ಲ, ನಾನೇ ಒಂದು ಮಾಡಿಕೊಟ್ಟೆ. ಮಾಡಿಕೊಟ್ಟೆ ಎಂದರೆ, ಮಾಡಿ ಗುಪ್ತಪದವನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ. ಮೇ ತಿಂಗಳ ಸಭೆಯಲ್ಲಿ ನಕ್ಷೆಯನ್ನು ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದೆ. ಎಲ್ಲರೂ ಚೆನ್ನಾಗಿದೆ ಎಂದರು. "ಎಲ್ಲಾ ಸಾಫ್ಟ್‌ವೇರ್‌ದಾಗ ಹಾಕೀನಿ" ಎಂದೆ. ಅಕ್ಕ ತಲೆಯಾಡಿಸಿದಳು. ಬೀದರದಿಂದ ಟೆಂಪೊ ಬರುತ್ತದೆ, ಬಂದಾಗ ತಾನು ಹಳ್ಳಿಗೆ ಹೋಗಿ ಹೊರಿಸಿ ಕಳಿಸಬೇಕು ಎಂದು ಅವಳು ತಿಳಿದಿದ್ದಳು. ನಾನು ಅವಳೇ ಟೆಂಪೊ ಮಾಡಿಕೊಳ್ಳುತ್ತಾಳೆಂದು ತಿಳಿದಿದ್ದೆ.

ಸಾಫ್ಟ್‌ವೇರ್ ತನ್ನ ಕೆಲಸ ಒಂದಿಷ್ಟೂ ತಪ್ಪದೆ ಮಾಡಿತೆಂದು ಹೇಳಲೇಬೇಕು. ಜೂನ್ 3ರಂದು ಅಕ್ಕನಿಗೆ ನೆನಪೋಲೆ ಕಳಿಸಿತು. 5ರಂದು ಕಳಿಸಿತು. 6ರಂದು ಗಡುವು ಮೀರಿದೆ ಎಂದು ಕೆಂಪಕ್ಷರದಲ್ಲಿ ಕಳಿಸಿತು. ಮೂರೂ ಓಲೆಗಳು ಯಾರೂ ತೆರೆಯದ ಒಂದು ಪೆಟ್ಟಿಗೆಗೆ ಹೋಗಿ ಬಿದ್ದವು. ಆ ವಾರ ನಾನು ಹನ್ನೊಂದರಲ್ಲಿ ಎಂಟನೆಯ ಸಾಫ್ಟ್‌ವೇರ್ ಪರೀಕ್ಷಿಸುತ್ತಿದ್ದೆ.

5ರ ತನಕ ಕಾದು, 7ಕ್ಕೆ ಅವರು ತಗಡು ಬಿಚ್ಚಿಸಿದರು. ಆಳುಗಳಿಗೆ ಮುಂಗಡ ಕೊಟ್ಟಾಗಿತ್ತು, ಅವರದೇನು ತಪ್ಪು? ಟ್ರಂಕುಗಳನ್ನು ಅಂಗಳದ ಚಪ್ಪರದ ಕೆಳಗೆ ಇಟ್ಟು ಮೇಲೆ ತಾಡಪತ್ರಿ ಹೊದಿಸಿದ್ದರು. 9ರ ರಾತ್ರಿ ಗಾಳಿ ಎದ್ದು ತಾಡಪತ್ರಿ ಹಾರಿತು, ಮಳೆ ಬೆಳತನಕ ಸುರಿಯಿತು. ಒಂಬತ್ತು ಟ್ರಂಕುಗಳ ಮುಚ್ಚಳ ಗಟ್ಟಿಯಿದ್ದವು. ಎರಡರದು ತುಕ್ಕು ತಿಂದಿತ್ತು. ಆ ಎರಡರಲ್ಲಿ ಒಂದು ವಹಿಗಳದು.

ಬೆಳಿಗ್ಗೆ ಏಳಕ್ಕೆ ಮಗ ಅಕ್ಕನಿಗೆ ಫೋನ್ ಮಾಡಿದ. ಅಕ್ಕ ನನಗೆ ಫೋನ್ ಮಾಡಿದ್ದು ಹಳ್ಳಿ ತಲುಪಿದ ಮೇಲೆಯೇ. ನಾವು ಮೂವರು ಬೀದರದಿಂದ ಹೋಗಿ ಮುಟ್ಟುವಷ್ಟರಲ್ಲಿ ಅವಳು ಪಕ್ಕದ ಶಾಲೆಯ ಒಂದು ಕೋಣೆ ತೆರೆಸಿ, ಹಳೆಯ ದಿನಪತ್ರಿಕೆ ಹಾಸಿ, ವಹಿಗಳನ್ನು ಸಾಲಾಗಿ ಮಲಗಿಸಿದ್ದಳು. ಬಿಸಿಲಿಗೆ ಇಟ್ಟಿರಲಿಲ್ಲ, ಹಿಂದೊಮ್ಮೆ ತರಬೇತಿಯಲ್ಲಿ ನಾನು ಹೇಳಿದ್ದನ್ನು ನೆನಪಿಟ್ಟಿದ್ದಳು. ಒದ್ದೆ ಕಾಗದವನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು, ಅಂಟಿಕೊಂಡ ಹಾಳೆಗಳನ್ನು ಎಳೆಯಬಾರದು, ನಡುನಡುವೆ ನೀರು ಹೀರುವ ಕಾಗದ ಇಟ್ಟು ಬದಲಿಸುತ್ತಿರಬೇಕು. ಎರಡು ದಿನದೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಎಲ್ಲವನ್ನೂ ಒಮ್ಮೆಲೆ ಒಣಗಿಸಲಾಗದಿದ್ದರೆ ಹಿಮಗಟ್ಟಿಸಿ ಇಡುವುದು ನಮ್ಮ ಕಸುಬಿನ ಕ್ರಮ. ಆಗ ಶಾಯಿ ಮುಂದೆ ಹರಡುವುದಿಲ್ಲ, ಬೂಷ್ಟೂ ಬೆಳೆಯುವುದಿಲ್ಲ, ಸಾವಕಾಶ ಸಿಗುತ್ತದೆ. ಭಾಲ್ಕಿ ಮಾಸ್ತರರು ತಮ್ಮ ಹಳೆಯ ವಿದ್ಯಾರ್ಥಿಯ ಐಸ್‌ಕ್ರೀಮ್ ಅಂಗಡಿಗೆ ಆರು ವಹಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು. ಕುಲ್ಫಿಯ ಪಕ್ಕದಲ್ಲಿ ಗಾದೆಗಳು ಹನ್ನೆರಡು ದಿನ ಮಲಗಿದ್ದವು. ಆಪಾ ಮತ್ತು ಅಕ್ಕ ಶಾಲೆಯ ಕೋಣೆಯಲ್ಲಿ ಎರಡು ರಾತ್ರಿ ಕುಳಿತು ಗಂಟೆಗೊಮ್ಮೆ ಕಾಗದ ಬದಲಿಸಿದರು. ಕರೆಂಟು ಹೋದಾಗ ಬೀಸಣಿಗೆ ಹಿಡಿದರು.

ಲೆಕ್ಕ ಹೇಳಿಬಿಡುತ್ತೇನೆ. ಹದಿನೇಳು ವಹಿಗಳಲ್ಲಿ ಹನ್ನೊಂದು ಅಂಚು ಕಲೆಯಾಗಿ ಉಳಿದವು. ನಾಲ್ಕರಲ್ಲಿ ಅರ್ಧಕ್ಕರ್ಧ ಓದಬಹುದು. ಎರಡರಲ್ಲಿ ನೀಲಿ ಬಣ್ಣದ ಮೋಡಗಳ ಹೊರತು ಏನೂ ಇಲ್ಲ.

"ಫೋನ್ ಒಂದು ಮಾಡಿದ್ರ ನಾನೇ ಟೆಂಪೊ ತಗೊಂಡು ಹೋಗ್ತಿದ್ದೆ ಅಣ್ಣಾ" ಎಂದಳು ಅಕ್ಕ. ಆಕ್ಷೇಪದ ದನಿಯಲ್ಲ, ಹಾಗೇ ಇದ್ದದ್ದನ್ನು ಹೇಳಿದಂತೆ. ಬೈದಿದ್ದರೆ ಹಗುರವಾಗುತ್ತಿತ್ತು.

ಮುಂದಿನ ಭಾನುವಾರ ಭಾಲ್ಕಿಯಲ್ಲಿ ಕೂಡಿದೆವು. ನಾನು ಅಡ್ಡ ಹನ್ನೊಂದು ಉದ್ದ ಇಪ್ಪತ್ತಮೂರರ ಆ ಹಾಳೆಯನ್ನು ತಂದಿರಲಿಲ್ಲ. ಹುಡುಗ ತಾನು ಓದಿದ ಇನ್ನೊಂದು ಪದ್ಧತಿಯ ಮಾತೆತ್ತಿದ. ಕಾನ್‌ಬಾನ್ ಎಂದು ಅದರ ಹೆಸರು. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಎಂಬ ಇಂಜಿನಿಯರರು ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಬೆಳೆಸಿದ್ದು. ಮುಂದಿನವನಿಗೆ ಬೇಕಾದಾಗ ಬೇಕಾದಷ್ಟೇ ಹಿಂದಿನವನು ಮಾಡಿಕೊಡಬೇಕು, ಅದಕ್ಕೆ ಗುರುತಾಗಿ ಒಂದು ಚೀಟಿ ಕೈಯಿಂದ ಕೈಗೆ ಹೋಗಬೇಕು. ನಮ್ಮಂಥವರು ಬಳಸುವಾಗ ಅದು ಒಂದು ಹಲಗೆ, ಮೂರು ಮನೆ: ಮಾಡಬೇಕಾದ್ದು, ನಡೆದದ್ದು, ಮುಗಿದದ್ದು. ಜಪಾನಿ ಭಾಷೆಯಲ್ಲಿ ಕಾನ್‌ಬಾನ್ ಎಂದರೆ ಅಂಗಡಿಯ ಮುಂದಿನ ಬೋರ್ಡು.

ಬೋರ್ಡು ಎಂದದ್ದೇ ತಡ, ಮಾಸ್ತರರ ಕಣ್ಣು ಬೆಳಗಿತು. ಭಾಲ್ಕಿಯಲ್ಲಿ ಬೋರ್ಡಿನ ಕತೆ ಗೊತ್ತಿಲ್ಲದವರುಂಟೆ? ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನೂರು ವರ್ಷ ಮೀರಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಆ ಹಿರಿಯರ ಸಾಹಸವನ್ನು ಮಾಸ್ತರರು ನನಗೆ ನೂರು ಸಲ ಹೇಳಿದ್ದಾರೆ. ಈ ಸಲ ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು: "ಅಪ್ಪಗೋಳು ಹೊರಗೊಂದು ಬರ್ದು ಒಳಗೊಂದು ಮಾಡಿದ್ರು, ಅದಕ್ಕ ಕನ್ನಡ ಉಳೀತು. ನೀವೂ ನಕಾಶಿ ಮ್ಯಾಲ ಒಂದು ಬರದ್ರಿ, ಒಳಗ ಏನೂ ನಡೀಲಿಲ್ಲ. ಅದಕ್ಕ ಇದಕ್ಕ ಭಾಳ ಫರಕ್ ಅದ್ರಿ ಸಾಹೇಬ್ರೆ."

ಎಲ್ಲರೂ ನಕ್ಕರು, ನಾನೂ ನಕ್ಕೆ.

ಕೊನೆಗೆ ಆಯ್ಕೆ ಅರ್ಧ ಗಂಟೆಯಲ್ಲಿ ಮುಗಿಯಿತು. ಬೀದರದ ಕೋಣೆಯ ಗೋಡೆಗೆ ಶಾಲೆಯ ಕರಿಹಲಗೆಯೊಂದನ್ನು ತಂದು ಹಾಕಿದೆವು. ಹಳೆಯ ಸೂಚಿ ಪೆಟ್ಟಿಗೆಗಳಲ್ಲಿ ಉಳಿದಿದ್ದ ಕಾರ್ಡುಗಳ ಹಿಂಬದಿಯಲ್ಲಿ ಕೆಲಸ ಬರೆದು ಅಂಟಿಸುತ್ತೇವೆ. ಅದರ ನಕಲು ಟ್ರೆಲೊದಲ್ಲಿದೆ. ಅದನ್ನೇ ಏಕೆ ಎಂದರೆ, ಅದೂ ಹಲಗೆ ಮತ್ತು ಕಾರ್ಡುಗಳೇ. ಫೋನಿನಲ್ಲಿ ಕನ್ನಡ ಬರೆದರೆ ತಕರಾರಿಲ್ಲ, ಕಾರ್ಡಿಗೆ ಫೋಟೊ ಅಂಟಿಸಬಹುದು, ನಮ್ಮಂಥ ಸಣ್ಣ ಗುಂಪಿಗೆ ಹಣ ಕೇಳುವುದಿಲ್ಲ, ಪಟ್ಟಿಯನ್ನು ಹೊರಗೆ ತೆಗೆಯಬಹುದು. 2011ರಲ್ಲಿ ಬಂದ ಅದನ್ನು 2017ರಲ್ಲಿ ಜಿರಾ ಮಾಡಿದ ಕಂಪನಿಯೇ ಕೊಂಡುಕೊಂಡಿದೆ. ಮುಂದೆ ಯಾರು ಕೊಳ್ಳುತ್ತಾರೋ, ಆಗ ಕರಿಹಲಗೆ ಇದ್ದೇ ಇರುತ್ತದೆ. ಟ್ರೆಲೊ ತೆರೆಯುವವರು ಹುಡುಗ, ಮಾಸ್ತರರು, ನಾನು ಮೂವರೇ. ಅಕ್ಕನಿಗೆ ಮತ್ತು ಆಪಾಗೆ ಸೋಮವಾರ ಸಂಜೆ ಹಲಗೆಯ ಫೋಟೊ ಹೋಗುತ್ತದೆ, ಅದರ ಹಿಂದೆಯೇ ಒಂದು ಫೋನ್ ಹೋಗುತ್ತದೆ. ಫೋನ್ ಮಾಡುವ ಕೆಲಸ ನನ್ನದು. ಅದಕ್ಕೂ ಒಂದು ಕಾರ್ಡು ಇದೆ, ನನ್ನ ಹೆಸರಿನಲ್ಲಿ.

ಒಂದು ಕಾರ್ಡಿಗೆ ಒಂದೇ ಹೆಸರು. ಇಬ್ಬರ ಹೆಸರು ಬರೆದರೆ ಯಾರದೂ ಅಲ್ಲ. ಇನ್ನೊಂದು ನಿಯಮ ಅಕ್ಕನದು. ಕಳಿಸಿದವರು ಕಾರ್ಡನ್ನು ಮುಗಿದ ಮನೆಗೆ ಹಾಕುವಂತಿಲ್ಲ, ಮುಟ್ಟಿಸಿಕೊಂಡವರು ಹಾಕಬೇಕು. "ಪುಸ್ತಕ ವಾಪಸ್ ಬಂತು ಅಂತ ಓದ್ದವ್ರು ಬರೀತಾರೇನು? ನಾವೇ ನೋಡಿ ಬರೀತೀವಲ್ಲ" ಎಂದಳು. ಮೂವತ್ತು ವರ್ಷ ದಿನಕ್ಕೆ ನೂರು ಸಲ ನಾನು ಮಾಡಿದ ಕೆಲಸ ಅದು. ಬಂದ ಪುಸ್ತಕ ಕೈಗೆತ್ತಿಕೊಂಡು, ಹಾಳೆ ತಿರುವಿ, ಆಮೇಲೆ ಠಸ್ಸೆ ಒತ್ತುವುದು. ಇಪ್ಪತ್ತಮೂರು ಗುಣಗಳ ಪಟ್ಟಿಯಲ್ಲಿ ಇದನ್ನು ಬರೆಯಲು ನನಗೆ ಹೊಳೆದಿರಲಿಲ್ಲ.

ಸುಖವಾಗಿದ್ದೇವೆ ಎಂದು ಹೇಳಲಾರೆ. ಮೊದಲ ಎರಡು ತಿಂಗಳು ನಡುವಿನ ಮನೆಯಲ್ಲಿ ಕಾರ್ಡುಗಳು ಜಾತ್ರೆ ಕೂಡಿದ್ದವು. ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಇರಕೂಡದೆಂದು ಮಾಡಿದ ಮೇಲೆ ಕರಗಿದವು. ಮಾಸ್ತರರು ಈಗಲೂ ಕೆಲಸ ಮುಗಿಸಿ ವಾರ ಕಳೆದು ಹೇಳುತ್ತಾರೆ. ಫ್ಯಾನ್ ಜೋರಾದರೆ ಕಾರ್ಡು ಉದುರುತ್ತವೆ.

ನೆನೆದ ನಾಲ್ಕು ವಹಿಗಳ ಕಾರ್ಡು ಅಕ್ಕನ ಹೆಸರಿನಲ್ಲಿತ್ತು. ಅಳಿಸಿಹೋದ ಶಬ್ದಗಳನ್ನು ತುಂಬಲು ಅವಳು ಅಂಚಿನಲ್ಲಿ ಉಳಿದಿದ್ದ ಹೆಸರುಗಳನ್ನು ಹಿಡಿದು ಹಳ್ಳಿಗೆ ಹೋದಳು. ಹೇಳಿದವರಲ್ಲಿ ಹೆಚ್ಚಿನವರು ಇಲ್ಲ. ಅವರ ಮಕ್ಕಳು, ಸೊಸೆಯರು ಇದ್ದಾರೆ. ಗಡುವು ಯಾವಾಗ ಹಾಕಲಿ ಎಂದು ಹುಡುಗ ಫೋನಿನಲ್ಲಿ ಕೇಳಿದ.

"ಯಳ್ಳಮಾಸಿ ಅಂತ ಹಾಕು."

"ಅಕ್ಕಾ, ಇದು ತಾರೀಖು ಕೇಳ್ತದ."

"ಯಳ್ಳಮಾಸಿಗೆ ಎಲ್ಲಾರೂ ಹೊಲದಾಗ ಕೂಡಿರ್ತಾರಪ್ಪ. ಮುದುಕ್ಯಾರು ಅವತ್ತ ಬಾಯಿ ಬಿಡ್ತಾರ."

ಹುಡುಗ ಪಂಚಾಂಗ ನೋಡಿ 2024ರ ಡಿಸೆಂಬರ್ 30 ಎಂದು ಒತ್ತಿದ. ಆ ದಿನ ನಾವು ಐವರೂ ಆ ಹೆಡ್‌ಮಾಸ್ತರರ ಹೊಲಕ್ಕೇ ಹೋದೆವು. ಭಜ್ಜಿ, ಅಂಬಲಿ ಉಂಡು ಜೋಳದ ನಡುವೆ ಕುಳಿತಾಗ ಒಬ್ಬ ಅಜ್ಜಿ ಒಂದೇ ಸಮನೆ ಎರಡು ತಾಸು ಹೇಳಿದಳು, ಅಕ್ಕ ಬರೆದುಕೊಂಡಳು. ಶಾಯಿ ಪೆನ್ನು ತಂದಿದ್ದ ನನಗೆ ಬೈದು ಬಾಲ್‌ಪೆನ್ನು ತೆಗೆದುಕೊಂಡಳು. ನಲವತ್ತೊಂದು ಶಬ್ದ ಸಿಕ್ಕವು. ಸಂಜೆ ಬೀದರಕ್ಕೆ ಬಂದ ಹುಡುಗ ಕಾರ್ಡನ್ನು ಮುಗಿದ ಮನೆಗೆ ಹಾಕಹೋದಾಗ ಆಪಾ ಕೈ ಹಿಡಿದರು. ಇನ್ನೂ ಮೂರು ಹಳ್ಳಿ ಬಾಕಿ ಇದ್ದವು. ಕಾರ್ಡು ನಡುವಿನ ಮನೆಯಲ್ಲೇ ಉಳಿಯಿತು.